ತುಂಬಿದ ಮೊಟ್ಟೆಯ ಪೂರ್ವೋತ್ತರ

ರಾಜ್ಯಗಳ ಏಳುಬೀಳುಗಳನ್ನು ಕುರಿತ ಗ್ರಂಥಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ತಿಂಡಿಯ ಏಳುಬೀಳುಗಳನ್ನು ಬರೆಯಹೊರಟರೆ ವಾಚಕರು ನಕ್ಕಾರು. ಆದರೆ ಅಡಿಗೆಯ ಮನೆಗೂ ಒಂದು ಚರಿತ್ರೆಯುಂಟು. ವ್ಯಾಪಾರ, ಮತಾಚಾರ, ವೈದ್ಯರ ವಾದವಿವಾದ ಇವೆಲ್ಲವೂ ಅದರಲ್ಲಿ ತಮ್ಮ ಗುರುತನ್ನು ಬಿಟ್ಟುಹೋಗಿವೆ. ಇಂಗ್ಲಿಷರು ಸೈತಾನನ ಹೆಸರಿನಿಂದ ‘ಡೆವಿಲ್ಡ್ ಎಗ್ಸ್’ ಎಂದು ಕರೆಯುವ ಪದಾರ್ಥವು ಇದಕ್ಕೆ ಒಳ್ಳೆಯ ನಿದರ್ಶನ. ಗಟ್ಟಿಯಾಗಿ ಬೆಂದ ಮೊಟ್ಟೆಯನ್ನು ಸೀಳಿ, ಹಳದಿಯನ್ನು ತೆಗೆದು, ಮಸಾಲೆಯೊಡನೆ ಹಿಸುಕಿ, ಮತ್ತೆ ಆ ಬಿಳಿಯ ದೊನ್ನೆಯಲ್ಲಿಯೇ ತುಂಬುವುದು. ಇಷ್ಟೇ ಅದರ ಕ್ರಮ. ಮೊಟ್ಟೆಯನ್ನು ಮುಟ್ಟದ ಮನೆತನಗಳು ನಮ್ಮಲ್ಲಿ ಅನೇಕವಿವೆ. ಅವರು ಇದನ್ನು ಚರಿತ್ರೆಯೆಂದೇ ಓದಿಕೊಳ್ಳಬಹುದು. ಮುಟ್ಟುವ ಮನೆಗಳಲ್ಲಿ ಮಾತ್ರ ಒಂದು ಪ್ರಶ್ನೆ ಇಂದಿಗೂ ಏಳುತ್ತಿದೆ: ಇದು ಮೈಗೆ ಹಿತವೆ, ಅಹಿತವೆ? ಪದಾರ್ಥದ ಪೂರ್ವೋತ್ತರವನ್ನು ವಿಚಾರಿಸದೆ ಅದರ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ.

ಪ್ರಾಚೀನ ರೋಮನರ ಔತಣವು ಮೊಟ್ಟೆಯಿಂದ ಮೊದಲಾಗಿ ಸೇಬಿನಿಂದ ಮುಗಿಯುತ್ತಿದ್ದಿತು. ಅಪೀಷಿಯಸನ ಹೆಸರಿನಲ್ಲಿ ನಡೆದುಬಂದಿರುವ ಲ್ಯಾಟಿನ್ ಪಾಕಗ್ರಂಥದಲ್ಲಿ, ಮೆತ್ತಗೆ ಬೇಯಿಸಿದ ಮೊಟ್ಟೆಗೆ ಕರಿಮೆಣಸು, ನೆನೆಸಿದ ಪೈನ್ ಬೀಜ, ಜೇನುತುಪ್ಪ, ವಿನಿಗರ್, ಮೀನಿನಿಂದ ಇಳಿಸಿದ ಉಪ್ಪುರಸ ಇವುಗಳನ್ನು ಕೂಡಿಸಿದ ಗೊಜ್ಜೊಂದು ಹೇಳಲ್ಪಟ್ಟಿದೆ. ಆದರೆ ಅದು ಮೊಟ್ಟೆಯ ಮೇಲೆ ಸುರಿಯುವ ಗೊಜ್ಜೇ ಹೊರತು ಒಳಗೆ ತುಂಬುವ ಹೂರಣವಲ್ಲ.

ತುಂಬುವ ಕ್ರಮವು ಸ್ಪಷ್ಟವಾಗಿ ಕಾಣುವುದು ೧೩ನೆಯ ಶತಮಾನದ ಆಂದಲೂಸಿಯದಲ್ಲಿ, ಎಂದರೆ ಅರಬರ ಸಂಸ್ಕೃತಿಯು ನೆಲೆಸಿದ್ದ ದಕ್ಷಿಣ ಸ್ಪೇನಿನಲ್ಲಿ. ಕರ್ತೃವಿನ ಹೆಸರು ತಿಳಿಯದ ಅಲ್ಲಿನ ಪಾಕಗ್ರಂಥವೊಂದು, ಬೆಂದ ಹಳದಿಯನ್ನು ಕೊತ್ತಂಬರಿ, ಈರುಳ್ಳಿಯ ರಸ, ಕರಿಮೆಣಸು, ಎಣ್ಣೆ, ಉಪ್ಪು, ಮತ್ತು ಬಾರ್ಲಿಯನ್ನು ಹುಳಿಯಿಸಿ ತೆಗೆದ ‘ಮುರ್ರಿ’ ಎಂಬ ರಸ ಇವುಗಳೊಡನೆ ಅರೆದು ಬಿಳಿಯ ಭಾಗದಲ್ಲಿ ತುಂಬಬೇಕೆಂದೂ, ಎರಡು ಹೋಳುಗಳನ್ನು ಜೋಡಿಸಿ ಸಣ್ಣ ಕಡ್ಡಿಯನ್ನು ಚುಚ್ಚಬೇಕೆಂದೂ ಹೇಳುತ್ತದೆ. ಬದನೆಕಾಯಿಯನ್ನು ಸೀಳಿ ಮಸಾಲೆ ತುಂಬಿ ಎಣ್ಣೆಗಾಯಿ ಮಾಡುವ ನಮ್ಮ ಗೃಹಿಣಿಯರಿಗೆ ಈ ಕೈಕೆಲಸವು ಅಪರಿಚಿತವೆಂದು ತೋರಲಾರದು. ಮೇಲೆ ಉದುರಿಸುತ್ತಿದ್ದ ಕರಿಮೆಣಸಿನ ಬಳ್ಳಿಯಂತೂ ನಮ್ಮ ಪಶ್ಚಿಮ ಘಟ್ಟಗಳದೇ. ಸಮುದ್ರವನ್ನು ದಾಟಿ ಅದು ಅಷ್ಟು ದೂರದ ಬಾಣಸಿಗನ ಕೈಯನ್ನು ಸೇರಿದ್ದಿತು.

೧೫ನೆಯ ಶತಮಾನದ ಇಟಲಿಯಲ್ಲಿ ಮಾರ್ಟಿನೋ ಎಂಬ ಪಾಕಪ್ರವೀಣನು ಇದನ್ನೇ ಬೇರೊಂದು ಬಗೆಯಿಂದ ಮಾಡಿದನು. ಹಳದಿಗೆ ಒಣದ್ರಾಕ್ಷಿ, ಗಿಣ್ಣು, ಪುದೀನ ಮೊದಲಾದ ಸೊಪ್ಪುಗಳನ್ನು ಸೇರಿಸಿ, ತುಂಬಿದ ಮೊಟ್ಟೆಯನ್ನು ಎಣ್ಣೆಯಲ್ಲಿ ಮೆಲ್ಲಗೆ ಕರಿದನು. ವಿದ್ವಾಂಸನಾದ ಪ್ಲಾಟಿನನು ಇವನ ಪಾಕಗಳನ್ನು ಲ್ಯಾಟಿನಿಗೆ ತಂದು, ೧೪೭೦ರ ದಶಕದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಸೇರಿಸಿಕೊಂಡನು. ಆ ಗ್ರಂಥದ ಹೆಸರಿನ ಅರ್ಥ ‘ಯೋಗ್ಯವಾದ ಸುಖವೂ ಆರೋಗ್ಯವೂ’ ಎಂದು. ರುಚಿ ಬೇರೆ, ಪಥ್ಯ ಬೇರೆ ಎಂಬ ಭೇದವನ್ನು ಆ ಹಿರಿಯರು ಮಾಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇಲ್ಲಿಯವರೆಗೆ ಸೈತಾನನ ಸುಳಿವಿಲ್ಲ. ಆ ಹೆಸರು ೧೮ನೆಯ ಶತಮಾನದ ಇಂಗ್ಲೆಂಡಿನದು. ೧೭೮೬ರಲ್ಲಿ ಅದು ಪಾಕದ ಮಾತಾಗಿ ಅಚ್ಚಿನಲ್ಲಿ ಕಾಣುತ್ತದೆ. ಸಾಸಿವೆ, ಮೆಣಸುಗಳಿಂದ ನಾಲಗೆಯನ್ನು ಸುಡುವ ಖಾರಕ್ಕೆ ನರಕದ ಉರಿಯನ್ನು ಹೋಲಿಸಿ ಹಾಗೆ ಕರೆದಂತೆ ತೋರುತ್ತದೆ. ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ ಓದಿದವರಿಗೆ, ಸರಿಯಾಗಿ ಬೇಯದ ಮಾಂಸವನ್ನು ಮಿಕಾಬರನು ಇದೇ ಉಪಾಯದಿಂದ ಔತಣಕ್ಕೆ ಯೋಗ್ಯವಾಗಿ ಮಾಡಿದುದು ನೆನಪಿರಬಹುದು. ಅಮೆರಿಕದಲ್ಲಿ ಕೆಲವು ಭಕ್ತರು ಚರ್ಚಿನ ಊಟದಲ್ಲಿ ಸೈತಾನನ ಹೆಸರೇಕೆಂದು ಸಂಕೋಚಪಟ್ಟು ‘ತುಂಬಿದ ಮೊಟ್ಟೆ’ ಎಂದೂ ‘ದೇವದೂತನ ಮೊಟ್ಟೆ’ ಎಂದೂ ಕರೆದರು. ಕಲಕತ್ತೆಯಲ್ಲಿಯಾದರೋ, ಬೆಂದ ಮೊಟ್ಟೆಗೆ ಖೀಮಾದ ಕವಚವನ್ನು ಕೊಟ್ಟು ಕರಿಯುವ ತಿಂಡಿಗೆ ‘ಡಿಮೇರ್ ಡೆವಿಲ್’ ಎಂಬ ಹೆಸರು ನಿಂತುಹೋಯಿತು.

ಹೆಸರಿಗಿಂತ ಹೆಚ್ಚಿನ ಮಾರ್ಪಾಟು ಆಮೇಲೆ ಬಂದಿತು. ೧೮೯೬ರಲ್ಲಿ ಪ್ರಕಟವಾದ ಫ್ಯಾನಿ ಫಾರ್ಮರ್ ಎಂಬಾಕೆಯ ಬಾಸ್ಟನ್ ಪಾಕಶಾಲೆಯ ಪುಸ್ತಕದಲ್ಲಿ, ಹೂರಣವನ್ನು ಹದಗೊಳಿಸಲು ಮೇಯನೇಸನ್ನು ಬಳಸಬಹುದೆಂಬ ಸೂಚನೆಯಿದೆ. ೨೦ನೆಯ ಶತಮಾನದಲ್ಲಿ ಮೇಯನೇಸು ಸೀಸೆಗಳಲ್ಲಿ ಅಂಗಡಿಗೆ ಬಂದಮೇಲೆ ಸೂಚನೆಯೇ ಪದ್ಧತಿಯಾಯಿತು. ಮೇಯನೇಸೆಂದರೆ ಬಹುಪಾಲು ಎಣ್ಣೆ. ಅಮೆರಿಕದ ಕಾನೂನಿನಂತೆ ಅದರ ತೂಕದಲ್ಲಿ ಶೇಕಡಾ ೬೫ಕ್ಕೆ ಕಡಮೆಯಿಲ್ಲದಷ್ಟು ಎಣ್ಣೆಯಿರಬೇಕು.

ಅನಂತರ ಭಯದ ಕಾಲ ಬಂದಿತು. ದೊಡ್ಡ ಮೊಟ್ಟೆಯೊಂದರ ಹಳದಿಯಲ್ಲಿ ಸುಮಾರು ೧೮೬ ಮಿಲಿಗ್ರಾಂ ಕೊಲೆಸ್ಟರಾಲ್ ಇದೆ. ೧೯೬೮ರಲ್ಲಿ ಅಮೆರಿಕದ ಹೃದಯಸಂಘವು ದಿನಕ್ಕೆ ೩೦೦ ಮಿಲಿಗ್ರಾಮಿಗೂ, ವಾರಕ್ಕೆ ೩ ಹಳದಿಗಳಿಗೂ ಮೀರಬಾರದೆಂದು ಬುದ್ಧಿ ಹೇಳಿತು. ಅನೇಕರು ಹಳದಿಯನ್ನು ಎಸೆದು ಬಿಳಿಯನ್ನು ಮಾತ್ರ ತಿನ್ನತೊಡಗಿದರು. ಕಾಲಕ್ರಮದಲ್ಲಿ, ಬಹುಮಂದಿಯ ರಕ್ತದ ಕೊಲೆಸ್ಟರಾಲನ್ನು ಏರಿಸುವುದರಲ್ಲಿ ಆಹಾರದ ಕೊಲೆಸ್ಟರಾಲಿಗಿಂತ ಬೆಣ್ಣೆ, ಕೊಬ್ಬಿದ ಮಾಂಸ ಮೊದಲಾದವುಗಳ ಸಾಂದ್ರ ಕೊಬ್ಬಿನ ಪಾಲೇ ಹೆಚ್ಚೆಂದು ಕಂಡುಬಂದಿತು. ೨೦೧೫ರಿಂದ ೨೦೨೦ರವರೆಗಿನ ಅಮೆರಿಕದ ಆಹಾರಸೂತ್ರಗಳಲ್ಲಿ ೩೦೦ರ ಮಿತಿಯನ್ನು ಕೈಬಿಡಲಾಯಿತು. ೨೦೧೯ರಲ್ಲಿ ಅದೇ ಹೃದಯಸಂಘವು ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಸಲ್ಲುವುದೆಂದಿತು. ಹೃದ್ರೋಗ, ಮಧುಮೇಹಗಳುಳ್ಳವರು ತಮ್ಮ ವೈದ್ಯರನ್ನು ಕೇಳಿಯೇ ನಡೆಯಬೇಕು. ಆದರೆ ಐವತ್ತು ವರ್ಷಗಳ ಕಾಲ ಹಳದಿಯೊಂದನ್ನೇ ಅಪರಾಧಿಯೆಂದೆಣಿಸಿ, ಅದರ ಜೊತೆಗೂಡಿದ ಎಣ್ಣೆಬೆಣ್ಣೆಗಳನ್ನು ವಿಚಾರಿಸದೆ ಬಿಟ್ಟ ಮನೆಗಳೆಷ್ಟೋ!

ಹಾಗಾದರೆ ಹಿತವಾಗಿಯೂ ಶೀಘ್ರವಾಗಿಯೂ ಮಾಡುವ ಬಗೆ ಯಾವುದು? ನಾಲ್ಕು ಮೊಟ್ಟೆಗಳನ್ನು ಕುದಿಯುವ ನೀರಿನಲ್ಲಿ ೧೧ ಅಥವಾ ೧೨ ನಿಮಿಷ ಬೇಯಿಸಿ, ಒಡನೆಯೇ ತಣ್ಣೀರಿನಲ್ಲಿ ಹಾಕಬೇಕು. ಮಿತಿಮೀರಿ ಬೆಂದರೆ ಬಿಳಿಯ ಭಾಗದ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಹಸುರು ಉಂಗುರವೇಳುತ್ತದೆ. ಅದು ವಿಷವಲ್ಲ, ಅಂದಗೇಡು ಮಾತ್ರ. ಕೆಲವು ದಿನ ಕಳೆದ ಮೊಟ್ಟೆಯ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಹಳದಿಯನ್ನು ಹಿಸುಕಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಎರಡು ಚಮಚ, ಚಿಟಿಕೆ ಸಾಸಿವೆಪುಡಿ, ಕರಿಮೆಣಸು, ಉಪ್ಪು, ಹೆಚ್ಚಿದ ಕೊತ್ತಂಬರಿ, ನಾಲ್ಕು ಹನಿ ನಿಂಬೆರಸ ಸೇರಿಸಿ ತುಂಬಿದರೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು.

ಇದನ್ನು ಹೊಸ ಪಥ್ಯವೆಂದು ಕರೆಯುವವರುಂಟು. ಆದರೆ ಕೊತ್ತಂಬರಿ, ಕರಿಮೆಣಸು ಹಾಕಿ, ಮೇಯನೇಸಿಲ್ಲದೆ ತುಂಬಿದ ಮೊಟ್ಟೆಯು ಆ ಆಂದಲೂಸಿಯದ ಹಳೆಯ ಮೊಟ್ಟೆಗೆ ಎಷ್ಟು ಸಮೀಪವಾದುದು! ಸೈತಾನನ ಹೆಸರೂ ಸೀಸೆಯ ಎಣ್ಣೆಯೂ ನಡುವೆ ಬಂದು ಸೇರಿದವು, ಮೊಟ್ಟೆಯೊಡನೆ ಹುಟ್ಟಿದವಲ್ಲ. ಆಹಾರದ ಗುಣದೋಷಗಳನ್ನು ಎಣಿಸುವಾಗ ಮೂಲ ಯಾವುದು, ಕೂಡಿಕೆ ಯಾವುದು ಎಂದು ಕೇಳುವ ಅಭ್ಯಾಸವೊಂದಿದ್ದರೆ, ಗೃಹಸ್ಥನು ಹಿತವಾದ ತುತ್ತನ್ನು ಭಯದಿಂದ ಕಳೆದುಕೊಳ್ಳಬೇಕಾಗಿಲ್ಲ.