ಜಿಡ್ಡು ಹತ್ತಿದ ಕೈಗಳ ಚರಿತ್ರೆ



ಇತಿಹಾಸದ ಬಗ್ಗೆ ಮಾತನಾಡಲು ವೈದ್ಯನನ್ನು ಕರೆದರೆ, ಅವನಿಂದ ರಾಜರ ಮತ್ತು ಯುದ್ಧಗಳ ಕಥೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನಾವು ಆಯ್ದುಕೊಂಡಿರುವ ವಿಷಯ ಚಿಕ್ಕದು: ಯಂತ್ರಗಳ ಜಿಡ್ಡಿನಲ್ಲಿ ದುಡಿಯುವವನು ತನ್ನ ಕೈಯನ್ನು ಹೇಗೆ ಕಾಪಾಡಿಕೊಂಡ, ಹೇಗೆ ತೊಳೆದುಕೊಂಡ ಎಂಬುದು. ಡೆಟ್ರಾಯ್ಟ್ ಮತ್ತು ಆನ್ ಆರ್ಬರ್ ಪರಿಸರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕ ಕುಟುಂಬಗಳ ಅನ್ನ ಮೋಟಾರು ಉದ್ಯಮದಿಂದ ಬಂದದ್ದು. ಆದರೆ ಆ ಉದ್ಯಮವನ್ನು ನಮ್ಮಲ್ಲಿ ಬಹುಪಾಲು ಮಂದಿ ಕಂಡಿರುವುದು ನಕ್ಷೆಯ ಮೇಜಿನಿಂದ ಅಥವಾ ಗಣಕಯಂತ್ರದ ತೆರೆಯಿಂದ. ಎಂಜಿನ್ನಿನೊಳಗೆ ಮೊಣಕೈವರೆಗೆ ಕೈಯಿಟ್ಟವರ ಅನುಭವವೇ ಬೇರೆ.

ಈ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಹಲಸಿನ ಹಣ್ಣನ್ನು ಬಿಡಿಸಲು ಕುಳಿತ ಅಜ್ಜಿ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ತಾವೆಲ್ಲ ಬಲ್ಲಿರಿ. ಮೇಣ ಅಂಟುವ ಮೊದಲೇ ಚರ್ಮದ ಮೇಲೊಂದು ಪದರವನ್ನು ಹಾಸುವುದು, ಅಂಟಿದ ಮೇಲೆ ಅದನ್ನು ಎಣ್ಣೆಯಿಂದಲೇ ಬಿಡಿಸುವುದು, ಇವೆರಡೂ ಅದರಲ್ಲಿವೆ. ಇಂದಿನ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಮುನ್ನ ಹಚ್ಚಿಕೊಳ್ಳುವ ರಕ್ಷಕ ಕ್ರೀಮಿನ ತತ್ತ್ವವೂ ಇಷ್ಟೇ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ರೈತ ಕೈಗೆ ಬೂದಿ ಉಜ್ಜಿಕೊಳ್ಳುತ್ತಿದ್ದ. ಅಭ್ಯಂಜನದ ಎಣ್ಣೆಯನ್ನು ಸೀಗೆಪುಡಿಯೋ ಕಡಲೆಹಿಟ್ಟೋ ಹೀರಿ ತೆಗೆಯುತ್ತಿತ್ತು.

ಚರ್ಮದ ಹೊರಪದರವನ್ನು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಣ ಕೊಬ್ಬಿನಂಶವೇ ಗಾರೆ. ಸೀಮೆಎಣ್ಣೆ ಮತ್ತು ಪೆಟ್ರೋಲುಗಳು ಗ್ರೀಸನ್ನು ಕರಗಿಸುವಾಗ ಈ ಗಾರೆಯನ್ನೂ ಕರಗಿಸಿಬಿಡುತ್ತವೆ. ಕೈ ಶುಭ್ರವಾದಂತೆ ಕಾಣುತ್ತದೆ. ಆದರೆ ಗೋಡೆ ಬಿರುಕು ಬಿಟ್ಟು, ಮರುದಿನದ ಎಣ್ಣೆ ಇನ್ನೂ ಆಳಕ್ಕೆ ಇಳಿಯುತ್ತದೆ. ಈ ನಾಡಿನಲ್ಲಿ ನಮ್ಮ ರೆಸಿಡೆನ್ಸಿಯ ವರ್ಷಗಳಲ್ಲಿ ಸೀಳಿ ರಕ್ತ ಜಿನುಗುವ ಬೆರಳುಗಳನ್ನು ಹೊತ್ತು ಬರುತ್ತಿದ್ದ ಮೆಕ್ಯಾನಿಕ್ಕುಗಳನ್ನು ವಿಚಾರಿಸಿದಾಗ, ಕೊಳೆಗಿಂತ ಕೊಳೆ ತೆಗೆದ ಕ್ರಮವೇ ಹೆಚ್ಚು ಹಾನಿ ಮಾಡಿದ್ದು ಎಷ್ಟೋ ಬಾರಿ ತಿಳಿದುಬರುತ್ತಿತ್ತು.

ರೋಗಿಯನ್ನು ಅವನ ಕಸುಬಿನ ಬಗ್ಗೆ ಕೇಳಬೇಕೆಂದು ವೈದ್ಯರಿಗೆ ಕಲಿಸಿದವನು ಇಟಲಿಯ ಬರ್ನಾರ್ಡಿನೊ ರಮಜ್ಜಿನಿ. ಕಸುಬುದಾರರ ರೋಗಗಳನ್ನು ಕುರಿತ ಅವನ ಗ್ರಂಥ ಪ್ರಕಟವಾದದ್ದು 1700ರಲ್ಲಿ. ಆದರೂ ಯಂತ್ರದೆಣ್ಣೆಯ ನಿಜಸ್ವರೂಪ ಬಯಲಾಗಲು ಇನ್ನೂ ಎರಡು ಶತಮಾನಗಳು ಬೇಕಾದವು. ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ನೂಲಿನ ಗಿರಣಿಗಳಲ್ಲಿ ಯಂತ್ರದ ಮೇಲೆ ಬಾಗಿ ದುಡಿಯುತ್ತಿದ್ದವರ ಬಟ್ಟೆಗಳು ಖನಿಜ ತೈಲದಿಂದ ತೊಯ್ದಿರುತ್ತಿದ್ದವು. ಅವರಲ್ಲಿ ವೃಷಣಕೋಶದ ಚರ್ಮದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಮ್ಯಾಂಚೆಸ್ಟರಿನ ಇಬ್ಬರು ವೈದ್ಯರು 1922ರಲ್ಲಿ ವರದಿ ಮಾಡಿದರು. ಸರಿಯಾಗಿ ಶುದ್ಧೀಕರಿಸದ ತೈಲದಲ್ಲಿನ ಕೆಲವು ರಾಸಾಯನಿಕಗಳು ಇದಕ್ಕೆ ಕಾರಣ. ಕಾರಿನಿಂದ ಇಳಿಸಿದ ಹಳೆಯ ಕಪ್ಪು ಎಂಜಿನ್ ಆಯಿಲಿನಲ್ಲಿಯೂ ಅಂಥವೇ ರಾಸಾಯನಿಕಗಳು ಶೇಖರಗೊಂಡಿರುತ್ತವೆ. ಎಣ್ಣೆ ಒರೆಸಿದ ಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಳ್ಳುವ ಗಂಡಂದಿರನ್ನು ಗದರುವ ಗೃಹಿಣಿಯರ ಪಕ್ಷದಲ್ಲಿ ವೈದ್ಯಶಾಸ್ತ್ರವೂ ಇದೆಯೆಂದು ಈ ಸಭೆಯಲ್ಲಿ ಸಂತೋಷದಿಂದ ಘೋಷಿಸುತ್ತೇವೆ.

ಇನ್ನು ನಮ್ಮ ಪ್ರದೇಶಕ್ಕೆ ಬರೋಣ. 1913ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು; ಮರುವರ್ಷ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ವೇತನವನ್ನು ಸಾರಿದ. ಆ ವೇತನ ಪೂರ್ಣವಾಗಿ ದೊರೆಯಬೇಕಾದರೆ ಕಾರ್ಮಿಕನ ನಡತೆ ಶುದ್ಧವಾಗಿರಬೇಕಿತ್ತು. ಕಂಪೆನಿಯ ಸಮಾಜಶಾಸ್ತ್ರ ವಿಭಾಗದ ತನಿಖೆಗಾರರು ಮನೆಮನೆಗೆ ಹೋಗಿ ಮನೆಯ ಚೊಕ್ಕಟತನವನ್ನೂ ಪರೀಕ್ಷಿಸುತ್ತಿದ್ದರು. ಯಜಮಾನನ ಎಣ್ಣೆಯಲ್ಲಿ ಹಗಲೆಲ್ಲ ಮುಳುಗಿದವನು ಮನೆಯಲ್ಲಿ ಸೋಪನ್ನು ಧಾರಾಳವಾಗಿ ಬಳಸಬೇಕೆಂಬ ಉಪದೇಶ ನಮಗಂತೂ ವಿಚಿತ್ರವಾಗಿಯೇ ತೋರುತ್ತದೆ.

ಈ ಉಪದೇಶದ ಬೇರನ್ನು ಅಲುಗಿಸಿದವರು ಆನ್ ಆರ್ಬರಿನಲ್ಲಿಯೇ ಓದಿದ ಒಬ್ಬ ಮಹಿಳೆ. 1869ರಲ್ಲಿ ಜನಿಸಿದ ಆಲಿಸ್ ಹ್ಯಾಮಿಲ್ಟನ್ 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಆ ವಿದ್ಯಾಲಯ 1870ರಲ್ಲೇ ಸ್ತ್ರೀಯರಿಗೆ ಬಾಗಿಲು ತೆರೆದಿತ್ತು. 1897ರಲ್ಲಿ ಶಿಕಾಗೋಗೆ ಹೋಗಿ, ಬಡ ವಲಸಿಗರ ನಡುವೆ ಇದ್ದ ಹಲ್ ಹೌಸ್‌ನಲ್ಲಿ ವಾಸಿಸಿದರು. ನೆರೆಯ ಕಾರ್ಮಿಕರು ಸೀಸದ ವಿಷದಿಂದ ಕೈ ಜೋತುಬಿದ್ದು, ಹೊಟ್ಟೆ ಹಿಂಡಿ ನರಳುತ್ತಿರುವುದನ್ನು ಕಂಡು, 1910ರಲ್ಲಿ ಇಲಿನಾಯ್ ರಾಜ್ಯದ ಪರವಾಗಿ ಕಾರ್ಖಾನೆಗಳ ತಪಾಸಣೆಗೆ ಹೊರಟರು. ಮಾಲೀಕರಿಂದ ದೊರೆಯುತ್ತಿದ್ದ ಸಿದ್ಧ ಉತ್ತರವೊಂದಿತ್ತು: ಇವರು ಕೊಳಕರು, ಕೈ ತೊಳೆಯದೆ ಊಟ ಮಾಡುತ್ತಾರೆ, ಉಗುರಿನ ಸಂದಿಯನ್ನು ಉಜ್ಜುವುದಿಲ್ಲ, ಆದ್ದರಿಂದ ವಿಷ ಹೊಟ್ಟೆಗೆ ಹೋಗುತ್ತದೆ. ಹ್ಯಾಮಿಲ್ಟನ್ ಧೂಳನ್ನು ನೋಡಿದರು, ಹೊಗೆಯನ್ನು ನೋಡಿದರು. ವಿಷ ಹೆಚ್ಚಾಗಿ ಒಳಹೋಗುತ್ತಿದ್ದುದು ಉಸಿರಿನ ಮೂಲಕ. ಎಷ್ಟು ಕೈ ತೊಳೆದರೂ ಅದು ನಿಲ್ಲುವಂತಿರಲಿಲ್ಲ. ಆದುದರಿಂದ ತಿದ್ದಬೇಕಾದದ್ದು ಕಾರ್ಮಿಕನ ಉಗುರನ್ನಲ್ಲ, ಕಾರ್ಖಾನೆಯ ಗಾಳಿಯನ್ನು ಎಂದು ಅವರು ಮಾಲೀಕರ ಮುಖಕ್ಕೇ ಹೇಳಿದರು. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕರೂ ಆದರು.

ಎಣ್ಣೆಯ ವಿಷಯ ಸೀಸದಂತಲ್ಲ. ಇಲ್ಲಿ ಅಪಾಯ ಕೈಯ ಚರ್ಮದಲ್ಲೇ ಇದೆ, ತೊಳೆಯುವುದು ನಿಜವಾಗಿಯೂ ಅಗತ್ಯ. ಆದರೂ ಅವರ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ತೊಳೆಯಲು ನೀರು ಎಲ್ಲಿದೆ, ಸಮಯ ಯಾರದು, ಸೋಪು ಯಾರ ಖರ್ಚಿನಲ್ಲಿ?

ಸೋಪಿನ ಕಥೆ ಸ್ವಾರಸ್ಯವಾದದ್ದು. ಹ್ಯಾಮಿಲ್ಟನ್ ಪದವಿ ಪಡೆದ 1893ರಲ್ಲಿಯೇ ಸೇಂಟ್ ಲೂಯಿಸ್ ನಗರದಲ್ಲಿ ಲಾವಾ ಸೋಪು ಹುಟ್ಟಿತು. ಅದರಲ್ಲಿ ಪ್ಯೂಮಿಸ್ ಎಂಬ ಜ್ವಾಲಾಮುಖಿ ಕಲ್ಲಿನ ಪುಡಿ ಇತ್ತು. ನಮ್ಮ ರೈತನ ಬೂದಿಯ ಶ್ರೀಮಂತ ದಾಯಾದಿ ಎನ್ನಬಹುದು. ಇಲ್ಲಿಂದ ಸುಮಾರು ಮೂರು ಗಂಟೆಯ ಹಾದಿಯ ಅಕ್ರಾನ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ರಬ್ಬರ್ ಕಾರ್ಖಾನೆಗಳ ಕೆಲಸಗಾರರು ಕೈಗೆ ಹತ್ತಿದ ಕಪ್ಪನ್ನು ಸೀಮೆಎಣ್ಣೆಯಿಂದಲೂ ಬೆಂಜೀನ್‌ನಿಂದಲೂ ತೊಳೆಯುತ್ತಿದ್ದರು. ಬೆಂಜೀನ್ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ದ್ರವ. ಅಂಥ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಗೋಲ್ಡಿ ಲಿಪ್‌ಮನ್ ಮತ್ತು ಪತಿ ಜೆರಿ, ಕೆಂಟ್ ಸ್ಟೇಟ್‌ನ ರಸಾಯನಶಾಸ್ತ್ರಜ್ಞ ಕ್ಲಾರೆನ್ಸ್ ಕುಕ್ ಅವರ ನೆರವಿನಿಂದ 1946ರಲ್ಲಿ ನೀರಿಲ್ಲದೆಯೂ ಜಿಡ್ಡು ಬಿಡಿಸಿ ಒರೆಸಬಹುದಾದ ಕ್ರೀಮನ್ನು ತಯಾರಿಸಿದರು. ಕಲಸಿದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಯಂತ್ರದಲ್ಲಿ, ತುಂಬಿದ್ದು ಉಪ್ಪಿನಕಾಯಿಯ ಜಾಡಿಗಳಲ್ಲಿ. ಕೆಲಸಗಾರರು ಕ್ರೀಮನ್ನು ಮಿತಿಮೀರಿ ಬಳಸುತ್ತಾರೆ, ಮನೆಗೂ ಒಯ್ಯುತ್ತಾರೆಂದು ಮಾಲೀಕರು ಗೊಣಗಿದಾಗ, ಒತ್ತಿದರೆ ಅಳತೆಯಷ್ಟೇ ಬರುವ ಗೋಡೆಯ ಪೆಟ್ಟಿಗೆಯನ್ನು ಜೆರಿ 1952ರಲ್ಲಿ ರೂಪಿಸಿದರು. ಇಂದು ಎಲ್ಲ ಆಸ್ಪತ್ರೆಗಳ ಗೋಡೆಯ ಮೇಲೂ ಅದರ ಸಂತತಿಯಿದೆ. 1988ರಲ್ಲಿ ಪ್ಯೂರೆಲ್ ತಯಾರಿಸಿದ ಸಂಸ್ಥೆಯೂ ಇದೇ ಗೋಜೋ.

ನೂರೊಂದು ವರ್ಷ ಬಾಳಿದ ಹ್ಯಾಮಿಲ್ಟನ್ 1970ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೂರು ತಿಂಗಳ ಬಳಿಕ, ಡಿಸೆಂಬರ್ 29ರಂದು, ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಆ ಕಾಯ್ದೆಯ ಕೆಳಗೆ ಬಂದ ನಿಯಮಗಳಲ್ಲಿ ಹರಿಯುವ ನೀರು, ಸೋಪು, ಕೈ ಒರೆಸುವ ವ್ಯವಸ್ಥೆ ಇವನ್ನೆಲ್ಲ ಒದಗಿಸುವುದು ಮಾಲೀಕನ ಹೊಣೆಯಾಯಿತು.

ಮನೆಯ ಗ್ಯಾರೇಜಿನಲ್ಲಿ ತಾವೇ ಮಾಲೀಕರು, ತಾವೇ ಕಾರ್ಮಿಕರು. ಆಯಿಲ್ ಬದಲಾಯಿಸುವಾಗ ನೈಟ್ರೈಲ್ ಕೈಗವಸು ತೊಡಿರಿ. ಆದರೆ ತಿರುಗುವ ಡ್ರಿಲ್ ಅಥವಾ ಲೇತಿನ ಮುಂದೆ ಕೈಗವಸು ಬೇಡ, ಅದು ಸಿಕ್ಕಿಕೊಂಡು ಬೆರಳನ್ನೇ ಎಳೆದೀತು. ಪೆಟ್ರೋಲಿನಲ್ಲಿ ಕೈ ತೊಳೆಯಬೇಡಿರಿ. ಅಡಿಗೆಯ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿರಿ. ಗ್ರೀಸ್ ಗನ್ ಬೆರಳಿಗೆ ಚುಚ್ಚಿದರೆ ಸೂಜಿಮೊನೆಯಷ್ಟು ಗಾಯವೆಂದು ಮನೆಯಲ್ಲಿ ಕೂರದೆ ಒಡನೆಯೇ ಆಸ್ಪತ್ರೆಗೆ ಧಾವಿಸಿರಿ; ಒಳಗೆ ಹರಡಿದ ಗ್ರೀಸಿನಿಂದ ಬೆರಳೇ ಹೋಗಬಹುದು.

ತಾಯ್ನಾಡಿನಲ್ಲಿಯೂ ಈ ಚರಿತ್ರೆಗೊಂದು ಅಧ್ಯಾಯವಿದೆ. ಬೆಂಗಳೂರಿಗೆ 1940ರಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ. ಬಂದವು. 1948ರ ಫ್ಯಾಕ್ಟರಿ ಕಾಯ್ದೆಯ 42ನೆಯ ಕಲಮು ಕೈಕಾಲು ತೊಳೆಯುವ ಸೌಕರ್ಯವನ್ನು ಕಡ್ಡಾಯ ಮಾಡಿತು. ಆದರೆ ಆ ಕಾಯ್ದೆ ಹುಟ್ಟಿದ್ದೇ, ವಿದ್ಯುತ್ ಬಳಸುವಲ್ಲಿ ಕನಿಷ್ಠ ಹತ್ತು, ಬಳಸದಲ್ಲಿ ಇಪ್ಪತ್ತು ಮಂದಿ ದುಡಿಯುವ ಸ್ಥಳಗಳಿಗಾಗಿ. ಮೂವರು ಹುಡುಗರಿರುವ ರಸ್ತೆಬದಿಯ ಗ್ಯಾರೇಜು ಆ ಲೆಕ್ಕದಿಂದ ಹೊರಗುಳಿಯಿತು. ಅಲ್ಲಿನ ಹುಡುಗನಿಗೆ ಗತಿ ಒಂದು ಡಬ್ಬ ಸೀಮೆಎಣ್ಣೆಯೋ ಪೆಟ್ರೋಲೋ, ಒಂದು ಹಿಡಿ ಕಾಟನ್ ವೇಸ್ಟು, ಬಟ್ಟೆ ಒಗೆಯುವ ಸೋಪಿನ ಚೂರು. ಮುಂದಿನ ಸಲ ಊರಿಗೆ ಹೋದಾಗ ಕಾರನ್ನು ರಿಪೇರಿಗೆ ಬಿಟ್ಟರೆ, ಬಿಲ್ಲಿನ ಮೊತ್ತದ ಜೊತೆಗೆ ಮಾಲೀಕರಲ್ಲಿ ಇಷ್ಟನ್ನೂ ವಿಚಾರಿಸಿರಿ: ಹುಡುಗರು ಕೈ ತೊಳೆಯುವ ನಲ್ಲಿ ಎಲ್ಲಿದೆ, ಸ್ವಾಮೀ?