ಆನೆಗೊಂದಿಯ ಹರಿಗೋಲು

ನವವೃಂದಾವನದ ಯಾತ್ರಿಕರಿಗೆ ಆನೆಗೊಂದಿಯ ತುಂಗಭದ್ರೆ ಅಪರಿಚಿತಳಲ್ಲ. ಅಲ್ಲಿನ ಅಂಬಿಗರ ಹರಿಗೋಲಿನ ಪ್ರಾಚೀನತೆ ಮಾತ್ರ ಅನೇಕರಿಗೆ ತಿಳಿಯದು. ಕ್ರಿ.ಶ. 1520ರ ಸುಮಾರಿಗೆ, ಶ್ರೀವ್ಯಾಸರಾಜರು ವಿಜಯನಗರದಲ್ಲಿ ವಿರಾಜಮಾನರಾಗಿದ್ದ ಕಾಲದಲ್ಲಿಯೇ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇದನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನರನ್ನು ಹೊರುವುದು. ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುವುದು. ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುವುದೆಂದೂ ಅವನು ಬರೆದಿದ್ದಾನೆ. (ಆ ಸುತ್ತಾಟ ಇಂದಿಗೂ ತಪ್ಪಿಲ್ಲ!) ತಳವಾರಘಟ್ಟದ ಬಳಿ ಕಟ್ಟತೊಡಗಿದ ಸೇತುವೆಯ ದೆಸೆಯಿಂದ 1999ರಲ್ಲಿ ಹಂಪೆಯು ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು. 2006ರಲ್ಲಿ ಆ ಕಳಂಕ ತೊಲಗಿತು. ಆದರೆ 2009ರ ಜನವರಿಯಲ್ಲಿ, ಪೂರ್ಣಗೊಳ್ಳುವ ಮುನ್ನವೇ ಸೇತುವೆ ಕುಸಿದು ಬಡ ಕೂಲಿಕಾರರು ಮಡಿದರು. ಅನಂತರವೂ ಹಲವು ವರ್ಷ ಆ ಕಡವಿನಲ್ಲಿ ಜನರನ್ನು ದಾಟಿಸಿದವರು ಅಂಬಿಗರೇ.