ಕೊಪ್ಪರಿಗೆಯ ಬಿಸಿ ಎಲ್ಲಿ ಹೋಗುತ್ತೆ?

ಇವತ್ತಿನ ಕಂತು ಸೊರಬದ ಕಡೆಯ ಆಲೆಮನೆಯಿಂದ ಶುರು. ನಡುವೆ ಸ್ಕಾಟ್ಲೆಂಡಿಗೂ ಒಂದು ಸುತ್ತು ಹೋಗಿಬರೋಣ.

ಆಲೆಮನೆ ನೋಡಿದೋರಿಗೆ ಗೊತ್ತು, ಒಲೆ ಎಷ್ಟೇ ಧಗಧಗ ಉರಿದರೂ ಬೆಲ್ಲ ಬೇಗ ಆಗಲ್ಲ. ಕಬ್ಬಿನ ಹಾಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಆ ನೀರು ಆವಿಯಾಗಿ ಹೋಗೋವರೆಗೆ ಬಿಸಿ ನೂರು ಡಿಗ್ರಿಯ ಆಸುಪಾಸಲ್ಲೇ ನಿಂತಿರುತ್ತೆ. ಆಮೇಲಷ್ಟೇ ಪಾಕ ಸರ್ರನೆ ಬಿಸಿಯೇರೋದು. ಸ್ವಲ್ಪ ಮುಂಚೆ ಇಳಿಸಿದ್ರೆ ಜೋನಿ ಬೆಲ್ಲ, ಇನ್ನೊಂದಿಷ್ಟು ಕಾಯಿಸಿದ್ರೆ ಅಚ್ಚಿನ ಬೆಲ್ಲ. ಹದ ನೋಡೋಕೆ ಥರ್ಮಾಮೀಟರ್ ಬೇಡ. ಒಂದು ಹನಿಯನ್ನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದ್ರಾಯ್ತು.

ಹಾಗಾದ್ರೆ ಅಷ್ಟೊಂದು ಬೆಂಕಿ ಎಲ್ಲಿ ಹೋಯ್ತು? 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಪ್ರೊಫೆಸರ್ ಜೋಸೆಫ್ ಬ್ಲ್ಯಾಕ್ ಇದೇ ಪ್ರಶ್ನೆಯನ್ನ ಮಂಜುಗಡ್ಡೆ ಇಟ್ಟುಕೊಂಡು ಕೇಳಿದ್ರು. ಒಂದು ಪಾತ್ರೆಯಲ್ಲಿ ಮಂಜು, ಇನ್ನೊಂದರಲ್ಲಿ ಅಷ್ಟೇ ತೂಕದ, ಮಂಜಿನಷ್ಟೇ ತಣ್ಣಗಿನ ನೀರು. ಎರಡೂ ಒಂದೇ ಕೋಣೆಯಲ್ಲಿ. ನೀರು ಸುಮಾರು 4 ಡಿಗ್ರಿ ಬಿಸಿಯಾಗೋಕೆ ಅರ್ಧ ಗಂಟೆ ಸಾಕಾಯ್ತು. ಮಂಜು ಕರಗಿ ಅದೇ ಬಿಸಿಗೆ ಬರೋಕೆ ಹತ್ತೂವರೆ ಗಂಟೆ! ಸ್ಥಿತಿ ಬದಲಿಸೋಕೇ ಖರ್ಚಾಗುವ ಈ ಶಾಖವೇ ಗುಪ್ತೋಷ್ಣ.

ಇಂಥದ್ದನ್ನ ಕನ್ನಡದಲ್ಲೇ ಹೇಳಬೇಕು ಅಂತ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ಹೊರಡಿಸಿದ್ರು. ಹೆಚ್ಚು ಕಾಲ ನಡೀಲಿಲ್ಲ. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಪದಗಳೇನೋ ಬಂದವು. ಆದ್ರೆ ಘನ, ದ್ರವ, ಅನಿಲ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗಿಗೆ ಕರಗುವಾಗ ಬಿಸಿ ಏರೋದಿಲ್ಲ ಅನ್ನೋದು ಕಣ್ಣಿಗೆ ಬೀಳದೇ ಹೋದ್ರೆ ಕಲಿತಿದ್ದೇನು? ನನ್ನ ತಕರಾರು ಇಷ್ಟೇ.

ಅಂದಹಾಗೆ, ಆಲೆಮನೆ ತೋರಿಸಿ 'ದ್ರವ ಘನವಾಯ್ತು' ಅಂತ ಮುಗಿಸಿಬಿಡೋ ಮೇಷ್ಟ್ರುಗಳೂ ಇದ್ದಾರೆ. ನೀರು ಮಂಜಾಗೋದೂ ಬೆಲ್ಲ ಗಟ್ಟಿಯಾಗೋದೂ ಒಂದೇ ಅಲ್ಲ. ಇಲ್ಲಿ ನೀರು ಆವಿಯಾಗಿ ಹೊರಟೇ ಹೋಗಿದೆ. ಮಕ್ಕಳು ನೋಡಬೇಕಾದ್ದು ಆ ಆವಿಯನ್ನ, ಅದೂ ದೂರ ನಿಂತು; ಕುದಿಯೋ ಪಾಕ ಮೈಮೇಲೆ ಬಿದ್ರೆ ಸುಲಭಕ್ಕೆ ಬಿಡಲ್ಲ.

ಬ್ಲ್ಯಾಕ್ ಪ್ರಯೋಗಕ್ಕಾದ್ರೆ ಒಲೆಯೇ ಬೇಡ. ಎರಡು ಸ್ಟೀಲ್ ಲೋಟ, ಪುಡಿ ಮಾಡಿದ ಐಸ್, ಅಷ್ಟೇ ತೂಕದ ತಣ್ಣೀರು, ಲ್ಯಾಬ್‌ನ ಥರ್ಮಾಮೀಟರ್. ಆಗಾಗ ಕಲಕಿ, ಐದು ನಿಮಿಷಕ್ಕೊಮ್ಮೆ ಓದಿ ಬರ್ಕೊಳ್ಳಿ. ನಮ್ಮ ಸೆಖೆಗೆ ಹತ್ತೂವರೆ ಗಂಟೆಯೇನೂ ಹಿಡಿಯಲ್ಲ.